ಮುಡಿಸೇವೆಯ ಮರುದಿನ



 ಬಹುಕಾಲದಿಂದ ನಡೆದುಬಂದ ಒಂದು ಧಾರ್ಮಿಕ ಆಚರಣೆಯನ್ನು, ಅದರಲ್ಲೂ ಹರೆಯದವರು ಹೆಗಲು ಕೊಟ್ಟು ನಡೆಸುವ ಆಚರಣೆಯನ್ನು, ಜನರ ಮನಸ್ಸು ಮುರಿಯದಂತೆ ಬದಲಾಯಿಸುವುದು ಹೇಗೆ? ಈ ಪ್ರಶ್ನೆಗೆ ಬಿಳಿಗಿರಿರಂಗನ ಬೆಟ್ಟದ ಸುತ್ತಲಿನ ಸೀಮೆಯೇ ಒಳ್ಳೆಯ ಪಾಠಶಾಲೆ. ಬೆಟ್ಟದ ಆಚೆ ಮಗ್ಗುಲಲ್ಲಿ, ಕೊಳ್ಳೇಗಾಲ ಹನೂರು ಸೀಮೆಯ ಚಿಕ್ಕಲ್ಲೂರಿನಲ್ಲಿ, ಪ್ರತಿವರ್ಷ ಬನದ ಹುಣ್ಣಿಮೆಗೆ ಸಿದ್ದಪ್ಪಾಜಿಯ ಜಾತ್ರೆ ಕೂಡುತ್ತದೆ. ಅದು ಐದು ದಿನದ ಜಾತ್ರೆ. ಮೊದಲ ರಾತ್ರಿ ಬಿದಿರಿಗೆ ಬಟ್ಟೆ ಸುತ್ತಿ ಕಟ್ಟಿದ ಚಂದ್ರಮಂಡಲಕ್ಕೆ ಬೊಪ್ಪೇಗೌಡನಪುರದ ಮಠದವರು ಜ್ಯೋತಿ ಮುಟ್ಟಿಸುತ್ತಾರೆ. ಉರಿ ಯಾವ ದಿಕ್ಕಿಗೆ ವಾಲಿತು ಎಂದು ನೋಡಿ ಜನ ಆ ವರ್ಷದ ಮಳೆಬೆಳೆಯ ಲೆಕ್ಕ ಹಾಕುತ್ತಾರೆ. ಮೂರನೆಯ ದಿನ ಮುಡಿಸೇವೆ, ನಾಲ್ಕನೆಯ ದಿನ ಪಂಕ್ತಿಸೇವೆ. ಒಂದರ ಬೆನ್ನಿಗೆ ಒಂದು ಬರುವ ಈ ಎರಡು ಸೇವೆಗಳು ಎರಡು ಬೇರೆ ರೀತಿಯಲ್ಲಿ ಬದಲಾವಣೆಯನ್ನು ಕಂಡಿವೆ. ಮುಡಿಸೇವೆಯ ಅರ್ಥ ಒಳಗಿನಿಂದ ಸದ್ದಿಲ್ಲದೆ ಬದಲಾಯಿತು. ಪಂಕ್ತಿಸೇವೆಯನ್ನು ಬದಲಾಯಿಸಲು ಹೊರಗಿನಿಂದ ಪೊಲೀಸರು ಬರಬೇಕಾಯಿತು, ಬಂದ ಮೇಲೂ ಅದು ಬದಲಾಗಲಿಲ್ಲ. ಒಂದೇ ಜನ, ಒಂದೇ ದೇವರು, ಒಂದೇ ಬಯಲು. ಹಾಗಿದ್ದೂ ಈ ವ್ಯತ್ಯಾಸ ಏಕೆ ಎಂಬುದಕ್ಕೆ ಉತ್ತರ ಸಿಕ್ಕರೆ ನಮ್ಮ ಮೊದಲ ಪ್ರಶ್ನೆಗೂ ಉತ್ತರ ಸಿಕ್ಕಂತೆ.

ಮೊದಲು ಮುಡಿಸೇವೆಯನ್ನು ನೋಡೋಣ. ಸಿದ್ದಪ್ಪಾಜಿಯ ಗುರು ಮಂಟೇಸ್ವಾಮಿಯ ಪರಂಪರೆಯ ಹಾಡುಗಾರರಾದ ನೀಲಗಾರರಿಗೆ ದೀಕ್ಷೆಯಾಗುವ ಸೇವೆ ಇದು. ಈ ಪರಂಪರೆಯ ನಡುಮನೆಯಲ್ಲೇ ಒಬ್ಬ ಹುಡುಗನ ಕಥೆ ಇದೆ. ಹಲಗೂರಿನ ಕಮ್ಮಾರರ ಮನೆಯ ಮಗ ಕೆಂಪಾಚಾರಿಯನ್ನು ಮಂಟೇಸ್ವಾಮಿ ತನ್ನ ಶಿಶುಮಗನಾಗಿ ಕೇಳುತ್ತಾರೆ. ಹೆತ್ತವರು ಕೊಡಲು ಒಪ್ಪುವುದಿಲ್ಲ. ಕಡೆಗೆ ಆ ಹುಡುಗನೇ ಸಿದ್ದಪ್ಪಾಜಿಯಾಗಿ, ಮಠ ಕಟ್ಟಲು ಕಬ್ಬಿಣದ ಭಿಕ್ಷೆ ಬೇಡುತ್ತಾ ತನ್ನ ಹುಟ್ಟೂರಿಗೇ ಹೋಗಿ, ಅಲ್ಲಿಯ ಕುಲಸ್ಥರು ಒಡ್ಡಿದ ಪರೀಕ್ಷೆಗಳನ್ನೆಲ್ಲ ಗೆದ್ದು ಬರುತ್ತಾನೆ. ಈ ಸೀಮೆಯ ಮನೆಗಳಲ್ಲಿ ಹರಕೆ ಹೊತ್ತು ಒಬ್ಬ ಮಗನನ್ನು ನೀಲಗಾರನಾಗಿ ಬಿಡುವ ರೂಢಿಗೆ ಈ ಕಥೆಯೇ ಬೇರು. ಮಲೆ ಮಾದೇಶ್ವರನ ಒಕ್ಕಲಿನಲ್ಲಿ ದೇವರಗುಡ್ಡರನ್ನು ಬಿಡುವ ರೂಢಿಯೂ ಇದರ ಸೋದರ. ಹಿಂದೆ ಹಾಗೆ ಬಿಟ್ಟ ಮಗನ ಬಾಳೇ ಬೇರೆಯಾಗುತ್ತಿತ್ತು. ಹಣೆಗೆ ಕಪ್ಪು ಧೂಳ್ತ, ಹೆಗಲಿಗೆ ಜೋಳಿಗೆ, ಕೈಗೆ ತಂಬೂರಿ; ಊರೂರು ತಿರುಗಿ ಭಿಕ್ಷೆ ಮಾಡಿ, ಕರೆದ ಮನೆಯ ಮುಂದೆ ರಾತ್ರಿಯಿಡೀ ಕಥೆ ಮಾಡಬೇಕು.

ಇವತ್ತು ದೀಕ್ಷೆ ಪಡೆದವರೆಲ್ಲ ಆ ಬಾಳು ಬಾಳುವುದಿಲ್ಲ. ಶಾಲೆ ಬಂತು, ಕೆಲಸ ಹುಡುಕಿಕೊಂಡು ಮೈಸೂರು ಬೆಂಗಳೂರಿಗೆ ಹೋಗುವುದು ಬಂತು. ಹರಕೆಯ ಮಗ ಕೆಲಸ ಬಿಟ್ಟು ಜೋಳಿಗೆ ಹಿಡಿಯಬೇಕೆಂದು ಈಗ ಯಾವ ತಾಯಿಯೂ ಪಟ್ಟು ಹಿಡಿಯುವುದಿಲ್ಲ. ದೀಕ್ಷೆಯನ್ನು ವ್ರತದಂತೆ ಉಳಿಸಿಕೊಂಡು ಹಾಡನ್ನು ಕಂಠವಿದ್ದವರಿಗೆ ಬಿಟ್ಟುಕೊಟ್ಟರು. ಹಾಡೂ ಕದಲಿತು. ಕ್ಯಾಸೆಟ್ಟಿಗೆ ಹೋಯಿತು, ಬಾನುಲಿಗೆ ಹೋಯಿತು. 1997ರಲ್ಲಿ ಹಂಪಿ ಕನ್ನಡ ವಿಶ್ವವಿದ್ಯಾಲಯ ಹಿ.ಚಿ. ಬೋರಲಿಂಗಯ್ಯನವರ ಸಂಪಾದನೆಯಲ್ಲಿ ಮಂಟೇಸ್ವಾಮಿ ಕಾವ್ಯವನ್ನು ಅಚ್ಚು ಹಾಕಿತು. ಎಚ್.ಎಸ್. ಶಿವಪ್ರಕಾಶರ ‘ಮಂಟೇಸ್ವಾಮಿ ಕಥಾಪ್ರಸಂಗ’ ರಂಗಕ್ಕೆ ಬಂತು. ಒಂದು ಕಾಲಕ್ಕೆ ಮಾದೇಶ್ವರನ ಗುಡ್ಡರ ಗಂಡುಕಲೆಯಾಗಿದ್ದ ಬೀಸು ಕಂಸಾಳೆಯನ್ನು ಇವತ್ತು ಕಾಲೇಜಿನ ಹೆಣ್ಣುಮಕ್ಕಳು ವೇದಿಕೆಯ ಮೇಲೆ ಆಡುತ್ತಾರೆ. ಇದು ಸಣ್ಣ ಬದಲಾವಣೆಯಲ್ಲ. ಒಬ್ಬ ಹುಡುಗನ ಇಡೀ ಆಯುಷ್ಯವನ್ನು ಕೇಳುತ್ತಿದ್ದ ಆಚರಣೆ ಈಗ ವರ್ಷದ ಕೆಲವು ದಿನಗಳ ನಡವಳಿಕೆಯನ್ನು ಮಾತ್ರ ಕೇಳುತ್ತಿದೆ. ಇದರಲ್ಲಿ ನಷ್ಟವೂ ಇದೆ, ರಾತ್ರಿಯಿಡೀ ಹಾಡಬಲ್ಲವರು ವಿರಳವಾಗುತ್ತಿದ್ದಾರೆ. ಆದರೂ ಚಿಕ್ಕಲ್ಲೂರಿನ ಒಕ್ಕಲು ಈ ಕಾರಣಕ್ಕೆ ಮುನಿಸಿಕೊಂಡು ಮಠದಿಂದ ದೂರವಾಗಲಿಲ್ಲ. ಮುಡಿಸೇವೆ ನಿಲ್ಲಲೂ ಇಲ್ಲ.

ಇನ್ನು ಮರುದಿನದ ಪಂಕ್ತಿಸೇವೆ. ಬಯಲಿನಲ್ಲಿ ಬಿಡಾರಗಳು ಏಳುತ್ತವೆ. ಒಂದು ಬಿಡಾರವನ್ನೇ ಹತ್ತಿರದಿಂದ ನೋಡಿದರೆ ಸಾಕು. ಮೂರು ಕಲ್ಲಿನ ಒಲೆ ಹೂಡುವವರು ಒಬ್ಬರು, ಸೌದೆ ನೀರು ಹೊರುವ ಹುಡುಗರು ಬೇರೆ. ಕುರಿಯನ್ನೋ ಕೋಳಿಯನ್ನೋ ಕೊಯ್ದು ಹಸನು ಮಾಡುವುದು ಗಂಡಸರಿಗೆ, ಖಾರ ಅರೆದು ಮುದ್ದೆ ತಿರುವುವುದು ಹೆಂಗಸರಿಗೆ. ಅಡುಗೆಯಾದ ಮೇಲೆ ಮನೆಯ ಹಿರಿಯರು ಗುರುವಿನ ಹೆಸರಿನಲ್ಲಿ ಎಡೆ ಇಟ್ಟು ಧೂಪ ಹಾಕುತ್ತಾರೆ. ಆಮೇಲೆ ಅಕ್ಕಪಕ್ಕದ ಬಿಡಾರದವರನ್ನು, ದಾರಿಯಲ್ಲಿ ಹೋಗುವವರನ್ನು, ಯಾವ ಜಾತಿ ಎಂದು ಕೇಳದೆ ಕರೆದು ಸಾಲಾಗಿ ಕೂರಿಸಿ ಬಡಿಸುತ್ತಾರೆ. ದಲಿತರು ದೊಡ್ಡ ಸಂಖ್ಯೆಯಲ್ಲಿ ಇರುವ ಪರಂಪರೆ ಇದು. ಊರಿನ ಹಬ್ಬಗಳಲ್ಲಿ ಪಂಕ್ತಿಯ ಆಚೆ ಕೂರಿಸಿಕೊಂಡ ಜನ ಇಲ್ಲಿ ತಾವೇ ಪಂಕ್ತಿ ಹಾಕಿ ಉಳಿದವರನ್ನು ಕರೆಯುತ್ತಾರೆ. ಈ ಕರೆಯುವ ಹಕ್ಕಿನ ಬೆಲೆ ಎಷ್ಟೆಂಬುದು, ಕರೆಸಿಕೊಂಡೇ ಅಭ್ಯಾಸವಿರುವವರಿಗೆ ಸುಲಭಕ್ಕೆ ತಿಳಿಯುವುದಿಲ್ಲ.

ಕಾನೂನಿಗೆ ಕಂಡದ್ದು ಬೇರೆ. ಕರ್ನಾಟಕದ ಪ್ರಾಣಿಬಲಿ ತಡೆ ಕಾಯಿದೆ 1959ರದು, 1975ರಲ್ಲಿ ಅದಕ್ಕೆ ತಿದ್ದುಪಡಿಯಾಯಿತು. ದೇವರನ್ನು ಒಲಿಸಿಕೊಳ್ಳುವ ಉದ್ದೇಶದಿಂದ ಪೂಜಾಸ್ಥಳದಲ್ಲಾಗಲಿ, ಅದರ ಆವರಣದಲ್ಲಾಗಲಿ, ಧಾರ್ಮಿಕ ಸಮಾವೇಶದಲ್ಲಾಗಲಿ ಪ್ರಾಣಿ ಕೊಲ್ಲುವುದು ಅಪರಾಧ. ಪ್ರಾಣಿದಯೆಯ ಪರವಾದ ಕಾರ್ಯಕರ್ತರು ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಈಚಿನ ವರ್ಷಗಳಲ್ಲಿ ಜಾತ್ರೆಯ ದಾರಿಗಳಲ್ಲಿ ಚೆಕ್‌ಪೋಸ್ಟ್ ಹಾಕಿ, ಕುರಿ ಕೋಳಿ ಒಯ್ಯದಂತೆ ಜಿಲ್ಲಾಡಳಿತ ತಡೆಯುತ್ತಿದೆ. ಒಕ್ಕಲಿನವರ ವಾದವೂ ಗಟ್ಟಿಯಾಗಿಯೇ ಇದೆ: ಇಲ್ಲಿ ಬಲಿಪೀಠವಿಲ್ಲ, ಗದ್ದುಗೆಗೆ ರಕ್ತ ತೋರುವುದಿಲ್ಲ, ಇದು ಬಲಿಯಲ್ಲ, ನಮ್ಮ ಊಟ. ಎರಡು ಕಡೆಯವರೂ ತಮ್ಮ ಮಾತನ್ನು ಬಿಟ್ಟುಕೊಟ್ಟಿಲ್ಲ. ನಿಷೇಧದ ನಡುವೆಯೂ ಆಚೀಚಿನ ಹೊಲಗಳಲ್ಲಿ ಒಲೆ ಉರಿದಿದೆ, ಪಂಕ್ತಿ ನಡೆದಿದೆ. ಪ್ರಾಣಿಯೂ ಉಳಿಯಲಿಲ್ಲ, ವಿಶ್ವಾಸವೂ ಉಳಿಯಲಿಲ್ಲ.

ನನ್ನ ವಾದ ಇದು. ಆಚರಣೆಯೊಂದರಲ್ಲಿ ಜನ ಎಲ್ಲಕ್ಕಿಂತ ಗಟ್ಟಿಯಾಗಿ ಹಿಡಿದುಕೊಂಡಿರುವುದು ತಮ್ಮ ಪಾಲಿನ ಕೆಲಸವನ್ನು. ಹೊರುವುದು, ಕರೆಯುವುದು, ಹಾಡುವುದು, ಬಡಿಸುವುದು ಇವು ಅವರ ಕೈಯಲ್ಲೇ ಉಳಿದರೆ ಆಚರಣೆಯ ಬಹುಭಾಗ ಬದಲಾದರೂ ಸಹಿಸುತ್ತಾರೆ, ಅನೇಕ ಸಲ ತಾವೇ ಮುಂದಾಗಿ ಬದಲಾಯಿಸುತ್ತಾರೆ. ಕೆಲಸವನ್ನೇ ಕಿತ್ತುಕೊಂಡರೆ ಬದಲಾವಣೆ ಎಷ್ಟೇ ಸಣ್ಣದಿರಲಿ, ಎಷ್ಟೇ ನ್ಯಾಯವಾಗಿರಲಿ, ಅದು ಅವಮಾನವಾಗಿ ತಟ್ಟುತ್ತದೆ. ಮುಡಿಸೇವೆಯಲ್ಲಿ ಹುಡುಗನ ಬಾಳಿನ ದಾರಿ ಬದಲಾಯಿತು. ಮುಡಿ ಕೊಡುವವರು, ಹರಸುವವರು, ಜೊತೆಗೆ ನಿಲ್ಲುವವರು ಹಾಗೇ ಉಳಿದರು. ಪಂಕ್ತಿಸೇವೆಯಲ್ಲಿ ಅಧಿಕಾರಿಗಳು ಬದಲಾಯಿಸಹೊರಟದ್ದು ಎಲೆಯ ಮೇಲಿನ ಒಂದು ಪದಾರ್ಥವನ್ನು. ಜನರಿಗೆ ಕಂಡದ್ದು ಮಾತ್ರ ಕರೆಯುವ ಹಕ್ಕಿಗೇ ಅಡ್ಡಲಾಗಿ ನಿಂತ ಲಾಠಿ. ಅದಕ್ಕೆ ಈ ಪರಂಪರೆಯೊಳಗಿನ ಕಾರಣವೂ ಇದೆ. ಹೆಂಡ ಮಾಂಸದೊಂದಿಗೆ, ಜಂಗಮರು ಮೂಗು ಮುಚ್ಚಿಕೊಳ್ಳುವಂಥ ವೇಷದಲ್ಲಿ ಬಂದ ಮಂಟೇಸ್ವಾಮಿಯನ್ನು ಕಲ್ಯಾಣದ ಬಾಗಿಲಲ್ಲಿ ತಡೆದ ಕಥೆಯನ್ನು ಈ ಜನ ತಲೆಮಾರುಗಳಿಂದ ಕೇಳಿದ್ದಾರೆ. ಒಳಗಿದ್ದ ಬಸವಣ್ಣ ಮಾತ್ರ ಆತನನ್ನು ಗುರುತಿಸಿದ ಎಂಬುದನ್ನೂ ಬಲ್ಲರು. ಹಾಗಿರುವಾಗ ದಾರಿಗೆ ಅಡ್ಡಲಾಗಿ ನಿಂತು ಚೀಲ ಬಿಚ್ಚಿಸುವವನು ಅವರ ಕಣ್ಣಿಗೆ ಯಾರಂತೆ ಕಾಣಬೇಕು? ಸುಧಾರಕರು ಈ ಕಥೆಯನ್ನು ಒಮ್ಮೆ ಕೇಳಿಸಿಕೊಂಡಿದ್ದರೂ ಚೆಕ್‌ಪೋಸ್ಟಿನಿಂದ ಮಾತು ಶುರುಮಾಡುತ್ತಿರಲಿಲ್ಲ.

ಇದು ಚಿಕ್ಕಲ್ಲೂರೊಂದರ ವಿಶೇಷವೆಂದು ಹೇಳುವಂತಿಲ್ಲ. 1956ರವರೆಗೆ ಕೊಳ್ಳೇಗಾಲ ತಾಲ್ಲೂಕು ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಆ ರಾಜ್ಯ 1950ರಲ್ಲೇ ಪ್ರಾಣಿ ಪಕ್ಷಿಗಳ ಬಲಿಯನ್ನು ತಡೆಯುವ ಕಾಯಿದೆ ಮಾಡಿತ್ತು. ಅರ್ಧ ಶತಮಾನ ಅದು ಹೆಚ್ಚುಕಡಿಮೆ ಕಾಗದದಲ್ಲೇ ಇತ್ತು. 2003ರಲ್ಲಿ ಜಯಲಲಿತಾ ಸರ್ಕಾರ ಅದನ್ನು ಕಟ್ಟುನಿಟ್ಟಾಗಿ ಜಾರಿ ಮಾಡಲು ಆಜ್ಞೆ ಹೊರಡಿಸಿತು. ಹಳ್ಳಿಗಳ ಕುಲದೇವತೆಗಳ ಒಕ್ಕಲಿನಿಂದ ಎಷ್ಟು ವಿರೋಧ ಬಂತೆಂದರೆ 2004ರಲ್ಲಿ ಅದೇ ಸರ್ಕಾರ ಆ ಕಾಯಿದೆಯನ್ನೇ ರದ್ದು ಮಾಡಿತು. ಅವಸರ ಮಾಡಿದ್ದರಿಂದ ಐವತ್ತು ವರ್ಷದಿಂದ ಇದ್ದ ಕಾಯಿದೆಯೂ ಕೈತಪ್ಪಿತು. ಮನಸ್ಸನ್ನು ಒಲಿಸದ ಜಾರಿ ಇದ್ದದ್ದನ್ನೂ ಕಳೆಯಬಲ್ಲದು ಎಂಬುದಕ್ಕೆ ಗಡಿಯಾಚೆ ಕಂಡ ಸಾಕ್ಷಿ ಇದು.

ಬದಲಾವಣೆ ಮೇಲಿನಿಂದ ಬಂದರೆ ಕೆಡುಕೇ ಆಗುತ್ತದೆಯೇ? ಹಾಗೂ ಹೇಳಲಾಗದು. ಕ್ಯಾಥೊಲಿಕ್ ಚರ್ಚಿನ ಎರಡನೆಯ ವ್ಯಾಟಿಕನ್ ಮಹಾಸಭೆ 1962ರಿಂದ 1965ರವರೆಗೆ ನಡೆಯಿತು. ಅದರ ತೀರ್ಮಾನದಂತೆ ಶತಮಾನಗಳಿಂದ ಲ್ಯಾಟಿನ್ನಿನಲ್ಲಿ ನಡೆಯುತ್ತಿದ್ದ ಪೂಜೆ ಆಯಾ ನಾಡಿನ ನುಡಿಗಳಿಗೆ ಬಂತು, ನಮ್ಮಲ್ಲಿ ಕನ್ನಡಕ್ಕೂ ಬಂತು. ಅಲ್ಲಿಯವರೆಗೆ ಪೀಠದ ಬಳಿ ಸೇವೆ ಮಾಡುವ ಹುಡುಗರು ಅರ್ಥ ತಿಳಿಯದ ಲ್ಯಾಟಿನ್ ಉತ್ತರಗಳನ್ನು ಬಾಯಿಪಾಠ ಮಾಡಬೇಕಿತ್ತು. ಬದಲಾವಣೆಯಾದಾಗ ಆ ನುಡಿ ಹೋಯಿತು, ಹುಡುಗರ ಕೆಲಸ ಹೋಗಲಿಲ್ಲ. ಮೇಣದ ಬತ್ತಿ ಹಿಡಿಯುವುದು, ಗಂಟೆ ಬಾರಿಸುವುದು, ಧೂಪದ ಪಾತ್ರೆ ತರುವುದು ಅವರಲ್ಲೇ ಉಳಿಯಿತು. ಅದರ ಮೇಲೆ ತಮಗೆ ಅರ್ಥವಾಗುವ ನುಡಿಯಲ್ಲಿ ವಾಚನ ಮಾಡುವ ಅವಕಾಶ ಸಾಮಾನ್ಯ ಭಕ್ತರಿಗೆ ಹೊಸದಾಗಿ ಸಿಕ್ಕಿತು. 1994ರಲ್ಲಿ, ಆಯಾ ಬಿಷಪ್ಪರು ಒಪ್ಪಿದರೆ ಹುಡುಗಿಯರೂ ಈ ಸೇವೆ ಮಾಡಬಹುದೆಂದು ರೋಮ್ ಒಪ್ಪಿತು. ಅಲ್ಲೂ ಎಲ್ಲರೂ ಸುಮ್ಮನೆ ತಲೆಬಾಗಲಿಲ್ಲ. ಯುರೋಪಿನಲ್ಲಿ ಆರ್ಚ್‌ಬಿಷಪ್ ಲೆಫೆವ್ರರ ಹಿಂಬಾಲಕರು ಹಳೆಯ ಪೂಜೆಯೇ ಬೇಕೆಂದು ಬೇರೆ ನಿಂತರು, 1988ರಲ್ಲಿ ಬಹಿಷ್ಕಾರದವರೆಗೂ ಜಗಳ ಹೋಯಿತು. ನಮ್ಮಲ್ಲಿ ಏರಿದ ದನಿ ಬೇರೆ ಬಗೆಯದು. ಲ್ಯಾಟಿನ್ ಬೇಕೆನ್ನುವ ಕೂಗು ಇಲ್ಲಿ ದೊಡ್ಡದಾಗಲಿಲ್ಲ. ಬೆಂಗಳೂರಿನ ಚರ್ಚುಗಳಲ್ಲಿ ಕನ್ನಡವೋ ತಮಿಳೋ ಎಂಬ ವ್ಯಾಜ್ಯ ದಶಕಗಟ್ಟಲೆ ನಡೆಯಿತು. ಇದೂ ನನ್ನ ವಾದಕ್ಕೇ ಒದಗುತ್ತದೆ. ಯಾರದೂ ಅಲ್ಲದ ನುಡಿ ಹೋದಾಗ ಜನ ಸಹಿಸಿದರು. ತಮ್ಮ ಬಾಯಿಗೆ ಪಾಲು ಸಿಗದೆ ಹೋದೀತು ಅನ್ನಿಸಿದಾಗ ಕಾದಾಡಿದರು. ಹನೂರು ತಾಲ್ಲೂಕಿನ ಮಾರ್ಟಳ್ಳಿಯ ಸುತ್ತ ತಮಿಳಾಡುವ ಕ್ರೈಸ್ತರು ನೆಲೆಸಿರುವ ಈ ಗಡಿಸೀಮೆಯಲ್ಲಿ ಆ ಆತಂಕವನ್ನು ಅರ್ಥಮಾಡಿಕೊಳ್ಳುವುದು ಕಷ್ಟವಲ್ಲ.

ಈಗ ಆಕ್ಷೇಪಗಳಿಗೆ ಬರೋಣ. ಮೊದಲನೆಯದು ಗಂಭೀರವಾದದ್ದು. ಕೆಲವು ಆಚರಣೆಗಳು ಕಾಯಲಾಗದಷ್ಟು ಕ್ರೂರ, ಅವುಗಳ ಮುಂದೆ ಒಲಿಸುವ ಮಾತು ಹೇಡಿತನವಾಗುತ್ತದೆ ಎಂಬುದು. ಇದನ್ನು ಹೇಳುವವರು ಚಂದ್ರಗುತ್ತಿಯನ್ನು ನೆನಪಿಸಬಹುದು. ಸೊರಬ ತಾಲ್ಲೂಕಿನ ಚಂದ್ರಗುತ್ತಿಯ ರೇಣುಕಾಂಬೆಯ ಜಾತ್ರೆಯಲ್ಲಿ ವರದಾ ನದಿಯಲ್ಲಿ ಮಿಂದು ಬೆತ್ತಲಾಗಿ ಗುಡಿಗೆ ಹೋಗುವ ಸೇವೆ ಇತ್ತು. ಅದರಲ್ಲಿ ಹೆಣ್ಣುಮಕ್ಕಳೂ ಇದ್ದರು. 1986ರ ಮಾರ್ಚಿನಲ್ಲಿ ಅದನ್ನು ತಡೆಯಲು ಹೋದ ಕಾರ್ಯಕರ್ತರ ಮೇಲೆ, ಪೊಲೀಸರ ಮೇಲೆ ಗುಂಪು ಎರಗಿ ಅವರ ಬಟ್ಟೆಗಳನ್ನೇ ಕಿತ್ತಿತು. ಅದಾದ ಮೇಲೆ ಸರ್ಕಾರ ಆ ಸೇವೆಯನ್ನು ನಿಷೇಧಿಸಿತು, ಆ ನಿಷೇಧ ನೆಲೆನಿಂತಿತು. ಯು.ಆರ್. ಅನಂತಮೂರ್ತಿಯವರ ‘ಬೆತ್ತಲೆ ಪೂಜೆ ಯಾಕೆ ಕೂಡದು’ ಎಂಬ ಪ್ರಬಂಧ ಆ ಚರ್ಚೆಯಿಂದಲೇ ಹುಟ್ಟಿತು. ಹಾಗಾದರೆ ಬಲಪ್ರಯೋಗ ಫಲಿಸಿತಲ್ಲವೇ ಎಂದು ಕೇಳಿದರೆ, ಎರಡು ಸಂಗತಿ ಗಮನಿಸಿ ಎನ್ನುತ್ತೇನೆ. ಒಂದು, ಅಲ್ಲಿ ಮನುಷ್ಯರ ಮಾನವೇ ಪಣಕ್ಕೆ ಬಿದ್ದಿತ್ತು, ನಡೆದುಹೋಗುತ್ತಿದ್ದ ಹುಡುಗಿಯ ಒಪ್ಪಿಗೆಯನ್ನು ಯಾರೂ ಕೇಳಿರಲಿಲ್ಲ. ಅಂಥ ಕಡೆ ಪ್ರಭುತ್ವ ಅಡ್ಡ ನಿಲ್ಲಲೇಬೇಕು, ಅದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಇನ್ನೊಂದು, ನಿಷೇಧವಾದ ಮೇಲೂ ಜಾತ್ರೆ ಉಳಿಯಿತು, ಮೀಯುವುದು ಉಳಿಯಿತು, ಉಟ್ಟ ಬಟ್ಟೆಯಲ್ಲೇ ಹರಕೆ ಸಲ್ಲಿಸುವ ದಾರಿ ತೆರೆದಿತ್ತು. ಭಕ್ತರ ಪಾಲಿನ ಕೆಲಸ ಅವರಿಗೆ ಮರಳಿ ಸಿಕ್ಕಿದ್ದರಿಂದಲೇ ನಿಷೇಧ ಬಾಳಿತು. ಚಿಕ್ಕಲ್ಲೂರಿನಲ್ಲಿ ಅಂಥ ತೆರೆದ ದಾರಿಯನ್ನು ಯಾರೂ ತೋರಿಸಿಲ್ಲ.

ಪ್ರಾಣಿಯೂ ಒಪ್ಪಿಗೆ ಕೊಡುವುದಿಲ್ಲವಲ್ಲ ಎಂಬ ಮರುಪ್ರಶ್ನೆ ಬರುತ್ತದೆ, ಬರಬೇಕು. ಅದರ ನೋವನ್ನು ತಳ್ಳಿಹಾಕುವವನು ನಾನಲ್ಲ. ಆದರೆ ವರ್ಷವಿಡೀ ಪೇಟೆಯ ಅಂಗಡಿಗಳಲ್ಲಿ ಕೊಯ್ಯುವ ಕುರಿಯ ಬಗ್ಗೆ ಮೌನವಾಗಿರುವ ಸಮಾಜ, ಬಡವರ ಜಾತ್ರೆಯ ಒಂದು ದಿನದ ಕುರಿಗೆ ಮಾತ್ರ ಕಣ್ಣೀರಿಟ್ಟರೆ ಆ ಕಣ್ಣೀರನ್ನು ಜನ ನಂಬುವುದಿಲ್ಲ. ದಯೆಯ ಮಾತು ಎಲ್ಲ ಅಡುಗೆಮನೆಗಳಿಗೂ ಸಮನಾಗಿ ಸಲ್ಲಬೇಕು, ಇಲ್ಲವಾದರೆ ಅದು ಜಾತಿಯ ಮಾತಾಗಿ ಕೇಳಿಸುತ್ತದೆ. ಕಾನೂನು ಎಲ್ಲರಿಗೂ ಒಂದೇ ಎನ್ನುವವರಿಗೂ ಇದೇ ಉತ್ತರ. ಗುಡಿಯ ಆವರಣದಲ್ಲಾಗಲಿ ಧಾರ್ಮಿಕ ಸಮಾವೇಶದಲ್ಲಾಗಲಿ ದೇವರಿಗೆಂದು ಕೊಯ್ಯಬಾರದು ಎಂಬುದು ಕಾನೂನು. ಗುಡಿಗೆ ದೂರದ ಹೊಲದಲ್ಲಿ ಬೆಂದ ಊಟವನ್ನು ಸಾಲಾಗಿ ಕೂತು ಉಣ್ಣಬಾರದೆಂದು ಯಾವ ಕಾಯಿದೆಯೂ ಹೇಳಿಲ್ಲ. ಈ ಎರಡರ ನಡುವಿನ ಗೆರೆಯನ್ನು ಸ್ಪಷ್ಟವಾಗಿ ಎಳೆಯುವುದು ಆಡಳಿತದ ಹೊಣೆ.

ಇನ್ನೊಂದು ಆಕ್ಷೇಪ ನನ್ನನ್ನು ಹೆಚ್ಚು ಕಾಡುತ್ತದೆ. ಜನರನ್ನು ಕೇಳಿ ಎಂದರೆ ಕಡೆಗೆ ಯಾರನ್ನು ಕೇಳಿದಂತಾಗುತ್ತದೆ? ಯಜಮಾನರನ್ನು, ಗಂಡಸರನ್ನು. ಹರಕೆಯ ಕುರಿಗೆ ಸಾಲ ಮಾಡಿದ ಮನೆಯ ಹೆಂಗಸನ್ನು ಯಾರು ಕೇಳುತ್ತಾರೆ? ಅಂಬೇಡ್ಕರರನ್ನು ಓದಿ ಹರಕೆ ಮುಡಿಪುಗಳಿಂದಲೇ ಹೊರಬರಬೇಕೆನ್ನುವ ಹುಡುಗ ಹುಡುಗಿಯರಿಗೆ ಆ ಸಭೆಯಲ್ಲಿ ಜಾಗವಿದೆಯೇ? ಈ ಮಾತು ಪೂರ್ತಿ ನಿಜ. ಅದಕ್ಕೇ ಒಲಿಸುವುದೆಂದರೆ ಹಿರಿಯರಿಗೆ ಮಣಿಯುವುದು ಎಂದು ನಾನು ಹೇಳುತ್ತಿಲ್ಲ. ಒಕ್ಕಲಿನೊಳಗೆ ಈಗಾಗಲೇ ಇರುವ ಭಿನ್ನ ದನಿಗೆ ನೆಲೆ ಕೊಡುವುದೇ ಬದಲಾವಣೆಯ ಮೊದಲ ಕೆಲಸ. ಹೊರಗಿನ ನಿಷೇಧ ಆ ದನಿಯನ್ನೇ ಮೊದಲು ಅಡಗಿಸುತ್ತದೆ. ಪೊಲೀಸರು ಬಂದ ದಿನ, ಪಂಕ್ತಿಯಲ್ಲಿ ಮಾಂಸ ಬೇಡವೆನ್ನುತ್ತಿದ್ದ ಹುಡುಗನೂ ತನ್ನವರ ಜೊತೆ ನಿಲ್ಲಲೇಬೇಕಾಗುತ್ತದೆ. ಹಾಗೆ ನಿಲ್ಲದಿದ್ದರೆ ಅವನನ್ನು ತನ್ನವನೆಂದು ಯಾರೂ ಒಪ್ಪುವುದಿಲ್ಲ.

ಬಿಳಿಗಿರಿರಂಗನ ಬೆಟ್ಟದ ಮೇಲೆಯೇ ಇದಕ್ಕೊಂದು ಹೋಲಿಕೆ ಇದೆ. ಇಲ್ಲಿಯ ಬುಡಕಟ್ಟಿನವರಾದ ಸೋಲಿಗರು ಕಾಡಿನ ನೆಲಕ್ಕೆ ಹಾಕುತ್ತಿದ್ದ ತರಗು ಬೆಂಕಿಯನ್ನು, 1974ರಲ್ಲಿ ಬೆಟ್ಟ ವನ್ಯಧಾಮವಾದ ಮೇಲೆ, ಅವರನ್ನು ಕೇಳದೆಯೇ ನಿಲ್ಲಿಸಲಾಯಿತು. ಬೆಂಕಿ ನಿಂತಮೇಲೆ ಲಂಟಾನ ಕಾಡನ್ನು ತುಂಬಿತೆಂದು ಸೋಲಿಗರು ಹೇಳುತ್ತಲೇ ಬಂದರು. ಅವರ ತಿಳಿವಳಿಕೆಯನ್ನು ಪರಿಸರ ವಿಜ್ಞಾನಿಗಳು ಬರೆದು ದಾಖಲಿಸುವ ಹೊತ್ತಿಗೆ ಲಂಟಾನ ಬೇರು ಬಿಟ್ಟಾಗಿತ್ತು. 2006ರ ಅರಣ್ಯ ಹಕ್ಕು ಕಾಯಿದೆಯಡಿ, ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾದ 2011ರಲ್ಲೇ, ಇಲ್ಲಿಯ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕು ದೊರೆಯಿತು. ಕಾಯಿದೆಯ ಪ್ರಕಾರ ಗ್ರಾಮಸಭೆಯಲ್ಲಿ ವಯಸ್ಸಿಗೆ ಬಂದ ಪ್ರತಿಯೊಬ್ಬರೂ ಸದಸ್ಯರು. ಹೆಂಗಸರು, ಹರೆಯದವರು ಹಿರಿಯರಷ್ಟೇ ಹಕ್ಕಿನವರು. ಎಲ್ಲ ಸರಿಹೋಯಿತೆಂದು ನಾನು ಹೇಳುವುದಿಲ್ಲ. ಆದರೆ ಯಾರನ್ನು ಕೇಳಬೇಕು ಎಂಬ ಪ್ರಶ್ನೆಗೆ ಅದೊಂದು ಮಾದರಿ.

ಚಿಕ್ಕಲ್ಲೂರಿಗೆ ಇದರಿಂದ ಏನು ಸಿಗಬಹುದು? ಜಾತ್ರೆ ಹತ್ತಿರ ಬಂದಾಗ ಆದೇಶ ಹೊರಡಿಸುವ ಬದಲು, ಸುಗ್ಗಿಗೂ ಮೊದಲೇ ಸುತ್ತಲಿನ ಊರುಗಳಲ್ಲಿ ಮಾತು ಶುರುವಾಗಬೇಕು. ಬೊಪ್ಪೇಗೌಡನಪುರದ ಮಠದವರು, ನೀಲಗಾರರು, ಬಿಡಾರದಲ್ಲಿ ಅಡುಗೆ ಮಾಡುವ ಹೆಂಗಸರು, ಕಾಲೇಜಿನ ಹುಡುಗ ಹುಡುಗಿಯರು ಅಲ್ಲಿರಬೇಕು. ಗದ್ದುಗೆಯ ಆವರಣದಲ್ಲಿ ರಕ್ತ ಬೀಳಬಾರದೆಂಬ ಮಾತಿಗೆ ಹೆಚ್ಚಿನವರು ಒಪ್ಪುವುದು ಕಷ್ಟವಲ್ಲ, ತಮ್ಮದು ಬಲಿಯಲ್ಲ ಎಂದು ಅವರೇ ಹೇಳುತ್ತಿದ್ದಾರಲ್ಲ. ಅದಕ್ಕೆ ಪ್ರತಿಯಾಗಿ ಒಲೆ, ಪಾತ್ರೆ, ಸೌದೆ, ಪಂಕ್ತಿ ಇವುಗಳಿಗೆ ಯಾರೂ ಕೈ ಹಾಕುವುದಿಲ್ಲವೆಂದು ಜಿಲ್ಲಾಡಳಿತ ಬರೆದುಕೊಡಬೇಕು. ಚೆಕ್‌ಪೋಸ್ಟಿಗೆ ಹಾಕುವ ಜನವನ್ನು ಕುಡಿಯುವ ನೀರಿಗೆ, ಶೌಚಾಲಯಕ್ಕೆ, ಕಸ ವಿಲೇವಾರಿಗೆ ಹಾಕಲಿ. ಹರೆಯದವರ ಕೈಗೆ ಹೊಸ ಕೆಲಸ ಬರಲಿ: ಕಡೆಯ ಕೆಲವು ಕಥೆಗಾರರ ಹಾಡನ್ನು ಮೊಬೈಲಿನಲ್ಲಾದರೂ ಪೂರ್ತಿ ಹಿಡಿದಿಡುವುದು, ಪಂಕ್ತಿಗೆ ಕರೆಯುವ ಹೊಣೆ ಹೊರುವುದು, ಬಡಿಸುವುದನ್ನು ಗಂಡಸರೂ ಮಾಡುವಂತೆ ನೋಡಿಕೊಳ್ಳುವುದು.

ಪ್ರಾಣಿದಯೆಯ ಪರವಾಗಿ ನ್ಯಾಯಾಲಯಕ್ಕೆ ಹೋದವರನ್ನೂ ಆ ಸಭೆಗೆ ಕರೆಯಬೇಕು, ಅವರು ಬರಬೇಕು. ಅವರಲ್ಲಿ ನಾನು ಕೇಳುವುದು ಒಂದೇ. ನಾಲ್ಕನೆಯ ದಿನ ಬಯಲಿನಲ್ಲಿ ತಾವೂ ಒಂದು ಬಿಡಾರ ಹಾಕಲಿ, ಮೂರು ಕಲ್ಲಿನ ಒಲೆ ಹೂಡಿ ಅವರೆಕಾಳು ಸಾರು ಮುದ್ದೆ ಬೇಯಿಸಲಿ, ಗುರುವಿನ ಹೆಸರಿನಲ್ಲಿ ಎಡೆ ಇಟ್ಟು ದಾರಿಹೋಕರನ್ನು ಕರೆದು ಕೂರಿಸಲಿ, ಆಮೇಲೆ ಪಕ್ಕದ ಬಿಡಾರದವರು ಕರೆದಾಗ ಅಲ್ಲಿಯೂ ಹೋಗಿ ಕೂರಲಿ. ಮಾಂಸ ಮುಟ್ಟಬೇಕಿಲ್ಲ, ಮುದ್ದೆ ಉಪ್ಪು ಸಾಕು. ಮುಂದಿನ ವರ್ಷದ ಸಭೆಯಲ್ಲಿ ಅವರು ಹೇಳುವ ಮಾತಿಗೆ ಆಗ ಕಿವಿ ಸಿಗುತ್ತದೆ.